ಸೀನಿದ್ದಕ್ಕೆ ವಾಪಸ್ ಕಳಿಸಿದ ಡೇಕೇರ್, ಸೀನು ಕೇಳಿಸಿಕೊಂಡ ಡೇಕೇರ್

ನಾಲ್ಕು ತಿಂಗಳಿಂದ ವಾರಕ್ಕೆ ಮೂರು ದಿನ ನಮ್ಮ ನಾಯಿಯನ್ನು ಡೇಕೇರ್‌ಗೆ ಬಿಡುತ್ತಿದ್ದೇವೆ. ಮೊದಲು ಒಂದು ಕಡೆ, ಅಲ್ಲಿ ಸರಿಹೋಗದೆ ಈಗ ಇನ್ನೊಂದು ಕಡೆ. ಎರಡೂ ಬೆಂಗಳೂರಿನ ಕನಕಪುರ ರಸ್ತೆ ಕಡೆಯವೇ. ಹೆಸರು ಹಾಕುವುದಿಲ್ಲ, ಕೇಳಬೇಡಿ. ಮೊದಲನೆಯವರ ಜೊತೆ ಜಗಳ ಮುಗಿದಿದೆ, ಎರಡನೆಯವರ ಜೊತೆ ಒಂದು ಇನ್ನೂ ನಡೆಯುತ್ತಿದೆ. ಆದರೆ ಡೇಕೇರ್ ಹುಡುಕುವವರು ಏನು ನೋಡಬೇಕು ಅಂತ ಬರೆಯಲೇಬೇಕು ಅನ್ನಿಸಿತು, ಯಾಕೆಂದರೆ ನಾನು ನೋಡಿದ್ದೆಲ್ಲ ತಪ್ಪು ಜಾಗದಲ್ಲಿ. ಎಸಿ ಇದೆಯಾ, ಕ್ಯಾಮೆರಾ ಇದೆಯಾ, ಈಜುಕೊಳ ಇದೆಯಾ ಅಂತ ಕೇಳಿದೆ. ನಾಯಿ ಸೀನಿದರೆ ಏನು ಮಾಡುತ್ತೀರಿ ಅಂತ ಕೇಳಲಿಲ್ಲ.

ನಾಯಿಯ ಹೆಸರು ಚಕ್ಕುಲಿ. ಬಾಲ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಬೀದಿಯಿಂದ ಬಂದವಳು, ನಾಟಿ ತಳಿ, ಎರಡೂವರೆ ವರ್ಷ. ಖುಷಿಯಾದರೆ ಸೀನುತ್ತಾಳೆ. ಬೆಲ್ಟು ಕೈಗೆ ತೆಗೆದುಕೊಂಡರೆ ಸೀನು, ಕಾರಿನ ಕೀ ಸದ್ದಾದರೆ ಸೀನು, ನನ್ನ ಗಂಡ ಆಫೀಸಿನಿಂದ ಬಂದು ಶೂ ಬಿಚ್ಚುವಷ್ಟರಲ್ಲಿ ಒಂದೇ ಸಮನೆ ನಾಲ್ಕೈದು. ತಲೆಯನ್ನು ಎಷ್ಟು ಜೋರಾಗಿ ಕೆಳಗೆ ಒಗೆಯುತ್ತಾಳೆ ಅಂದರೆ ಕೆಲವು ಸಲ ಮೂಗು ಟೈಲ್ಸಿಗೆ ಟಕ್ ಅಂತ ಬಡಿಯುತ್ತದೆ. ಯಾರು ಹೊಡೆದರು ಅನ್ನುವ ಹಾಗೆ ಒಂದು ಸಲ ಸುತ್ತ ನೋಡಿ, ಮತ್ತೆ ಸೀನುತ್ತಾಳೆ.

ಇದರಿಂದ ಮನೆಯಲ್ಲಿ ತೊಂದರೆಯಾದದ್ದು ನಮ್ಮ ಅತ್ತೆಗೆ. ಹೊರಡುವಾಗ ಒಂಟಿ ಸೀನು ಕೇಳಿದರೆ ಅವರಿಗೆ ಆಗುವುದಿಲ್ಲ. ಮನುಷ್ಯರದ್ದು, ನಾಯಿಯದ್ದು ಅಂತ ಭೇದ ಇಲ್ಲ. "ಒಂಟಿ ಸೀನು ಕಣೇ, ಎರಡು ನಿಮಿಷ ಕೂತು ನೀರು ಕುಡಿದು ಹೋಗು" ಅನ್ನುತ್ತಾರೆ. ನಾನು ಕೂರುತ್ತೇನೆ. ಬೆಲ್ಟು ಹಾಕಿದ ಮೇಲೂ ಇವರು ಹೊರಡುತ್ತಿಲ್ಲವಲ್ಲ ಅಂತ ಚಕ್ಕುಲಿ ಇನ್ನೂ ಎರಡು ಸುತ್ತು ಕುಣಿದು ಇನ್ನೊಂದು ಸಲ ಸೀನುತ್ತಾಳೆ, ಅಲ್ಲಿಗೆ ಜೋಡಿ ಸೀನಾಯಿತು, ದೋಷ ಕಳೆಯಿತು, ಹೊರಡಬಹುದು. ಮೂರನೆಯದು ಬಂದರೆ ಮತ್ತೆ ಒಂಟಿಯಾ ಅಲ್ವಾ ಅನ್ನುವುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗದ ಪ್ರಶ್ನೆ.

ಮೊದಲ ಡೇಕೇರ್ ನೋಡಲು ಚೆನ್ನಾಗಿತ್ತು. ಗೋಡೆಗೆಲ್ಲ ಪಂಜದ ಚಿತ್ರ, ಗಾಜಿನ ಬಾಗಿಲು, ಒಳಗೆ ಎಸಿ, ನೆಲಕ್ಕೆ ಹಸಿರು ಪ್ಲಾಸ್ಟಿಕ್ ಹುಲ್ಲು. ದಿನಕ್ಕೆ 900 ರೂಪಾಯಿ. ಒಳಗೆ ಕಾಲಿಟ್ಟ ತಕ್ಷಣ ಫಿನೈಲ್ ವಾಸನೆ ನನ್ನ ಮೂಗಿಗೇ ಖಾರವಾಗಿ ಹೊಡೆಯಿತು. ಇಷ್ಟು ಕ್ಲೀನಾಗಿ ಇಟ್ಟುಕೊಂಡಿದ್ದಾರಲ್ಲ ಅಂತ ಆಗ ಸಂತೋಷಪಟ್ಟೆ. ವಾಸನೆಯನ್ನೇ ಕಣ್ಣಾಗಿ ಮಾಡಿಕೊಂಡು ಬದುಕುವ ಪ್ರಾಣಿಗೆ ಅದು ಹೇಗಿರುತ್ತೆ ಅಂತ ತಲೆಗೆ ಹೋಗಲಿಲ್ಲ.

ಎರಡನೇ ವಾರ ಬುಧವಾರ ಹನ್ನೊಂದು ಗಂಟೆಗೆ ಫೋನ್ ಬಂತು. ನಿಮ್ಮ ನಾಯಿಗೆ ಶೀತ ಆಗಿದೆ, ಬೆಳಿಗ್ಗೆಯಿಂದ ಸೀನುತ್ತಿದೆ, ಬೇರೆ ನಾಯಿಗಳಿಗೆ ಹರಡುತ್ತೆ, ಈಗಲೇ ಕರೆದುಕೊಂಡು ಹೋಗಿ. ಮೀಟಿಂಗ್ ಬಿಟ್ಟು ಓಡಿದೆ. ಹೋಗಿ ನೋಡಿದರೆ ಚಕ್ಕುಲಿಯನ್ನು ಹಿಂದಿನ ಕೋಣೆಯಲ್ಲಿ ಒಂದು ಪಂಜರದಲ್ಲಿ ಕೂರಿಸಿದ್ದರು. ನನ್ನನ್ನು ನೋಡಿದ್ದೇ ಮೂರು ಸಲ ಸೀನಿದಳು. "ನೋಡಿ ಮೇಡಂ, ಹೇಳಲಿಲ್ವಾ" ಅಂದರು. ಖುಷಿಗೆ ಸೀನುತ್ತಾಳೆ ಅಂತ ಎಷ್ಟು ಹೇಳಿದರೂ ನಂಬಲಿಲ್ಲ. ಆ ದಿನದ ದುಡ್ಡು ವಾಪಸ್ ಇಲ್ಲ. ಬೇರೆ ಇಟ್ಟಿದ್ದಕ್ಕೆ 400 ರೂಪಾಯಿ ಹೆಚ್ಚಿಗೆ. ಮೇಲೆ ಡಾಕ್ಟರ್ ಸರ್ಟಿಫಿಕೇಟ್ ಬೇಕು. ಜೊತೆಗೆ ಅವರ ಹತ್ತಿರವೇ ಮಾರಾಟಕ್ಕಿರುವ ಒಂದು ಗಿಡಮೂಲಿಕೆ ಸಿರಪ್, "ಇಮ್ಯುನಿಟಿಗೆ ಒಳ್ಳೆಯದು" ಅಂತೆ. ಅದನ್ನು ತೆಗೆದುಕೊಳ್ಳಲಿಲ್ಲ, ಅಷ್ಟಾದರೂ ಬುದ್ಧಿ ಇತ್ತು.

ನ್ಯಾಯವಾಗಿ ಹೇಳಬೇಕು ಅಂದರೆ ಸೀನುವ ನಾಯಿಯನ್ನು ಬೇರೆ ಇಡುವ ನಿಯಮ ತಪ್ಪಲ್ಲ. ಹತ್ತಾರು ನಾಯಿ ಸೇರುವ ಜಾಗದಲ್ಲಿ ಕೆನಲ್ ಕಾಫ್, ಅಂದರೆ ನಾಯಿಯಿಂದ ನಾಯಿಗೆ ಹರಡುವ ಕೆಮ್ಮು, ಒಂದಕ್ಕೆ ಬಂದರೆ ವಾರದೊಳಗೆ ಎಲ್ಲಕ್ಕೂ ಬರಬಹುದು. ಡಿಸ್ಟೆಂಪರ್ ಅನ್ನುವ ವೈರಸ್ ರೋಗ ಇನ್ನೂ ಕೆಟ್ಟದ್ದು, ಅದು ಪ್ರಾಣವನ್ನೇ ತೆಗೆಯಬಹುದು. ನನ್ನ ತಕರಾರು ನಿಯಮದ ಮೇಲಲ್ಲ. ಅಲ್ಲಿದ್ದ ನಾಲ್ಕು ಜನರಲ್ಲಿ ಒಬ್ಬರೂ ಅವಳ ಕಣ್ಣು ನೋಡಲಿಲ್ಲ, ಮೂಗಿಂದ ಏನಾದರೂ ಸುರಿಯುತ್ತಿದೆಯಾ ನೋಡಲಿಲ್ಲ, ತಿಂಡಿ ತಿಂದಳಾ ಅಂತ ಹೇಳಲು ಅವರಿಗೆ ಗೊತ್ತಿರಲಿಲ್ಲ. ಯಾವಾಗ ಸೀನಿದಳು ಅಂತ ಕೇಳಿದರೆ "ಆಟ ಆಡುವಾಗ" ಅಂದರು. ಉತ್ತರ ಅವರ ಬಾಯಲ್ಲೇ ಇತ್ತು ನೋಡಿ.

ಪ್ರಾಣಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೂ ಅದೇ, ಯಾವಾಗ? ಮಲಗಿದ್ದಾಗ ಸೀನುತ್ತಾಳಾ, ಊಟದ ಮಧ್ಯೆ ಸೀನುತ್ತಾಳಾ, ರಾತ್ರಿ ಎಬ್ಬಿಸುತ್ತಾಳಾ? ಇಲ್ಲ, ಇಲ್ಲ, ಇಲ್ಲ. ಜ್ವರ ನೋಡಿದರು, 101.8 ಫ್ಯಾರನ್‌ಹೀಟ್. ನಮಗಾದರೆ ಅದು ಜ್ವರ, ನಾಯಿಗೆ ಮಾಮೂಲು. ಎರಡೂ ಹೊಳ್ಳೆಯ ಮುಂದೆ ಒಂದೊಂದಾಗಿ ಹತ್ತಿಯ ಎಳೆ ಹಿಡಿದು ಉಸಿರು ಬರುತ್ತಿದೆಯಾ ನೋಡಿದರು. ತುಟಿ ಎತ್ತಿ ಮೇಲಿನ ಹಲ್ಲು ನೋಡಿದರು. ಮೇಲ್ದವಡೆಯ ಹಲ್ಲಿನ ಬೇರು ಕೀವಾದರೆ ಅದು ಮೂಗಿಗೆ ದಾರಿ ಮಾಡಿಕೊಂಡು ಸೀನು ತರಿಸುತ್ತದಂತೆ, ನನಗೆ ಅದು ಹೊಸ ವಿಷಯ. ಆಮೇಲೆ ಮೊಬೈಲಿನಲ್ಲಿದ್ದ ವಿಡಿಯೊ ತೋರಿಸಿದೆ. ಕಬ್ಬನ್ ಪಾರ್ಕಿನಲ್ಲಿ ಒಂದು ಲ್ಯಾಬ್ರಡಾರ್ ಜೊತೆ ಆಡುವಾಗ ತೆಗೆದದ್ದು. ಹತ್ತು ಸೆಕೆಂಡ್ ನೋಡಿ ನಕ್ಕರು. "ಶೀತ ಅಲ್ಲ, ಮಾತಾಡ್ತಿದಾಳೆ."

ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ನಿಜವಾದ ಸೀನು ಮೂಗಿನ ಒಳಗೆ ಏನೋ ಕೆರಳಿದಾಗ ಬರುವುದು, ಎದೆ ತುಂಬ ಗಾಳಿ ಎಳೆದುಕೊಂಡು ಜೋರಾಗಿ ಹೊರಗೆ ಹಾಕುವುದು. ಆಟದ ಸೀನು ಅಷ್ಟು ಆಳದಿಂದ ಬರುವುದಿಲ್ಲ. ಮೂಗಿನಿಂದಲೇ ಫ್ಸ್, ಫ್ಸ್ ಅಂತ ಚಿಕ್ಕದಾಗಿ ಊದಿದ ಹಾಗೆ. ಎರಡು ನಾಯಿ ಆಡುವಾಗ ಗಮನಿಸಿ, ಹಲ್ಲು ಕಾಣುತ್ತದೆ, ಗುರ್ರ್ ಅನ್ನುತ್ತವೆ, ಕುತ್ತಿಗೆಗೇ ಬಾಯಿ ಹಾಕುತ್ತವೆ. ನಿಜವಾದ ಜಗಳದಲ್ಲಿ ಇರುವುದೆಲ್ಲ ಆಟದಲ್ಲೂ ಇದೆ. ಹಾಗಾಗಿ ಇದು ಆಟ ಕಣೋ, ತಪ್ಪು ತಿಳ್ಕೋಬೇಡ ಅಂತ ಅವು ಮಧ್ಯೆ ಮಧ್ಯೆ ಹೇಳುತ್ತಲೇ ಇರಬೇಕು. ಮುಂಗಾಲು ನೆಲಕ್ಕೆ ಊರಿ ಹಿಂಭಾಗ ಎತ್ತಿ ನಿಲ್ಲುವುದು ಅದಕ್ಕೆ. ಸೀನುವುದೂ ಅದಕ್ಕೇ. ಚಿಕ್ಕವರಿದ್ದಾಗ ಆಟ ಬಿಸಿಯಾದರೆ ಹೆಬ್ಬೆರಳು ತೋರಿಸಿ "ಜೂಟ್" ಅನ್ನುತ್ತಿದ್ದೆವಲ್ಲ, ಹೆಚ್ಚುಕಡಿಮೆ ಹಾಗೆ ಅಂದುಕೊಂಡೆ. ಚಕ್ಕುಲಿ ಸೀನಿದ ತಕ್ಷಣ ಆ ಲ್ಯಾಬ್ರಡಾರ್ ಅರೆಕ್ಷಣ ನಿಂತು ಮೈ ಒದರಿಕೊಂಡು ಮತ್ತೆ ಶುರು ಮಾಡುವುದು ವಿಡಿಯೊದಲ್ಲಿ ಕಾಣುತ್ತದೆ. ಮೊದಲು ಎಷ್ಟೋ ಸಲ ನೋಡಿದ್ದೆ, ಕಂಡಿರಲಿಲ್ಲ ಅಷ್ಟೇ.

ಎಲ್ಲ ಸೀನೂ ಮಾತೇ ಅಂತಲೂ ಅಲ್ಲ. ಖುಷಿಯಲ್ಲಿ ಮೂತಿ ಸುಕ್ಕಾಗುತ್ತದೆ, ತುಟಿ ಹಿಂದಕ್ಕೆ ಹೋಗುತ್ತದೆ, ಉಸಿರು ಜೋರಾಗುತ್ತದೆ. ಅಷ್ಟಕ್ಕೇ ಮೂಗು ತುರಿಸಿ ಸೀನು ಬರಬಹುದು. ನೆಲ ಮೂಸುತ್ತಾ ಆಡಿದರೆ ಧೂಳು ಹೋಗುತ್ತದೆ. ಫಿನೈಲ್, ಅಗರಬತ್ತಿ, ಸೊಳ್ಳೆ ಬತ್ತಿ ಕೂಡ ಸೀನು ತರಿಸುತ್ತವೆ. ಒಗ್ಗರಣೆಯ ಒಣಮೆಣಸಿನಕಾಯಿ ಘಾಟಿಗೆ ನಾವೇ ಸೀನುತ್ತೇವೆ, ನಾಯಿಯ ಪಾಡು ಕೇಳಬೇಕಾ. ಇನ್ನೊಂದು ವಿಷಯ. ಮೂಗಿಗೆ ಹಾಕುವ ಕೆನಲ್ ಕಾಫ್ ಲಸಿಕೆ ಕೊಡಿಸಿದ ಮೇಲೆ ಕೆಲವು ನಾಯಿ ಒಂದೆರಡು ದಿನ ಸೀನುತ್ತವೆ. ಡೇಕೇರ್‌ನವರೇ ಕಡ್ಡಾಯ ಮಾಡಿದ ಲಸಿಕೆ ಹಾಕಿಸಿ, ಅದರಿಂದ ಬಂದ ಸೀನಿಗೆ ಅವರಿಂದಲೇ ವಾಪಸ್ ಕಳಿಸಿಕೊಂಡವರೊಬ್ಬರು ಕ್ಲಿನಿಕ್ಕಿನಲ್ಲಿ ಪಕ್ಕದಲ್ಲೇ ಕೂತಿದ್ದರು. ನಮ್ಮಿಬ್ಬರಿಗೂ ಚೆನ್ನಾಗಿ ಮಾತು ಸೇರಿತು.

ಡಾಕ್ಟರು ಹೇಳಿದ ಇನ್ನೊಂದು ಕಥೆ ಅತ್ತೆಗೆ ಹೇಳಲೇಬೇಕು ಅಂತ ಗಟ್ಟಿ ಮಾಡಿಕೊಂಡು ಬಂದೆ. ಆಫ್ರಿಕಾದ ಬೋಟ್ಸ್‌ವಾನಾದಲ್ಲಿ ಕಾಡುನಾಯಿಗಳಿವೆ, ಮೈಮೇಲೆ ಬಣ್ಣ ಚೆಲ್ಲಿದ ಹಾಗೆ ಮಚ್ಚೆ. ನಮ್ಮ ಬಂಡೀಪುರ, ನಾಗರಹೊಳೆಯ ಸೀಳುನಾಯಿ ಬೇರೆ, ಇವು ಬೇರೆ. ಬೇಟೆಗೆ ಹೊರಡುವ ಮೊದಲು ಗುಂಪೆಲ್ಲ ಸೇರಿ ಎಬ್ಬಿಸಿಕೊಂಡು ಕುಣಿದಾಡುತ್ತವೆ, ಆಗ ಸೀನುತ್ತವೆ. 2017ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಆ ಸೀನುಗಳನ್ನು ಕೂತು ಎಣಿಸಿದ್ದಾರೆ. ಸೀನು ಜಾಸ್ತಿಯಾದಷ್ಟೂ ಗುಂಪು ಹೊರಡುವ ಸಾಧ್ಯತೆ ಜಾಸ್ತಿ. ಹೊರಡೋಣ ಅಂತ ಎದ್ದದ್ದು ಗುಂಪಿನ ಯಜಮಾನನಾದರೆ ಮೂರು ಸೀನಿನಷ್ಟಕ್ಕೇ ಕೆಲಸ ಆಗುತ್ತದೆ, ಚಿಲ್ಲರೆ ಸದಸ್ಯ ಎದ್ದರೆ ಹತ್ತರಷ್ಟು ಬೇಕು. ಒಂಥರಾ ಓಟು ಹಾಕಿದ ಹಾಗೆ. ಮನೆ ನಾಯಿಗಳೂ ಹೀಗೇ ಓಟು ಹಾಕುತ್ತವೆ ಅಂತ ಆ ಅಧ್ಯಯನ ಹೇಳುವುದಿಲ್ಲ, ಅದನ್ನು ನಾನೂ ಹೇಳುತ್ತಿಲ್ಲ. ಆದರೆ ಅತ್ತೆಗೆ ಹೇಳಿದೆ. ಅಲ್ಲಿ ಸೀನಿದರೆ ಹೊರಡುತ್ತವೆ, ನಮ್ಮ ಮನೆಯಲ್ಲಿ ಸೀನಿದರೆ ಕೂರುತ್ತೇವೆ ಅಂತ. ಅವರು ಸ್ವಲ್ಪ ಯೋಚಿಸಿ, "ಮೂರು ಅಂದೆ ಅಲ್ವಾ? ಒಂದಕ್ಕೆ ಅವೂ ಹೊರಡಲ್ಲ ತಾನೆ?" ಅಂದರು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸರ್ಟಿಫಿಕೇಟ್ ಸಿಕ್ಕಿತು, ಮೊದಲ ಡೇಕೇರ್‌ಗೆ ಮತ್ತೆ ಹೋಗಲಿಲ್ಲ. ಆ ಜಾಗಕ್ಕೆ ಐದರಲ್ಲಿ ಒಂದೂವರೆ ಸ್ಟಾರ್. ಅರ್ಧ ಪಾರ್ಕಿಂಗ್‌ಗೆ.

ಈಗ ಎರಡನೆಯದು. ಎಸಿ ಇಲ್ಲ. ಶೀಟ್ ಹಾಕಿದ ಒಂದು ಉದ್ದನೆಯ ಶೆಡ್ಡು, ಮುಂದೆ ಅರ್ಧ ಎಕರೆ ಮಣ್ಣಿನ ಅಂಗಳ, ಎರಡು ಹೊಂಗೆ ಮರ, ಒಂದು ಸೀಬೆ ಮರ. ಬೇಲಿ ಗಟ್ಟಿ ಇದೆ, ಗೇಟು ಎರಡು ಸುತ್ತಿನದು, ಒಂದು ತೆಗೆದಾಗ ಇನ್ನೊಂದು ಮುಚ್ಚಿರುತ್ತದೆ. ಡೇಕೇರ್ ನೋಡಲು ಹೋದರೆ ಮೊದಲು ಗೇಟು ನೋಡಿ, ಗೋಡೆ ಚಿತ್ರ ಅಲ್ಲ. ದಿನಕ್ಕೆ 650 ರೂಪಾಯಿ, ತಿಂಗಳ ಪಾಸು ತೆಗೆದುಕೊಂಡರೆ ಇನ್ನೂ ಕಡಿಮೆ. ನೆಲ ತೊಳೆಯುವಾಗ ನಾಯಿಗಳನ್ನು ಅಂಗಳಕ್ಕೆ ಬಿಟ್ಟು, ಒಣಗಿದ ಮೇಲೆ ಒಳಗೆ ಬಿಡುತ್ತಾರೆ. ವಾಸನೆ ಅಂದರೆ ನಾಯಿ ವಾಸನೆ, ಅಷ್ಟೇ.

ಮಳೆಗಾಲದಲ್ಲಿ ಕೆಸರು ಮಾತ್ರ ಕೇಳಬೇಡಿ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಚಕ್ಕುಲಿ ಬಿಳಿ ನಾಯಿಯಾಗಿ ಹೋಗಿ ಕಂದು ನಾಯಿಯಾಗಿ ಬರುತ್ತಿದ್ದಳು. ಕಾರಿನ ಹಿಂದಿನ ಸೀಟಿಗೆ ಹಳೇ ಬೆಡ್‌ಶೀಟ್ ಹಾಸಿಟ್ಟೆವು, ಈಗ ಅದನ್ನು ಬೆಡ್‌ಶೀಟ್ ಅಂತ ಯಾರೂ ಗುರುತು ಹಿಡಿಯುವುದಿಲ್ಲ. ಕ್ಯಾಮೆರಾ ಇದೆ, ಮೊಬೈಲಿನಲ್ಲಿ ನೋಡಬಹುದು, ಆದರೆ ಸದ್ದು ಬರುವುದಿಲ್ಲ. ತಲೆ ಒಗೆಯುವುದು ಕಾಣುತ್ತದೆ, ಸೀನು ಕೇಳುವುದಿಲ್ಲ. ಆಫೀಸಿನಲ್ಲಿ ಕೂತು ಎಷ್ಟು ಸಲ ತಲೆ ಒಗೆದಳು ಅಂತ ಎಣಿಸುವುದು ನನ್ನ ಹೊಸ ಚಟ. ವಾಟ್ಸಾಪಿನಲ್ಲಿ ಫೋಟೊ ಕಳಿಸುತ್ತೇವೆ ಅಂತ ಹೇಳಿದ್ದರು, ತಿಂಗಳಿಗೆ ಎರಡು ಬಂದರೆ ಪುಣ್ಯ, ಅದರಲ್ಲೂ ಒಂದು ಬೇರೆ ನಾಯಿಯದ್ದು.

ಇಷ್ಟೆಲ್ಲ ಇದ್ದೂ ಅಲ್ಲೇ ಉಳಿದದ್ದು ಅಲ್ಲಿ ನಾಯಿ ನೋಡಿಕೊಳ್ಳುವ ಅಣ್ಣನ ದೆಸೆಯಿಂದ. ತೀರ್ಥಹಳ್ಳಿ ಕಡೆಯವರು, ಐವತ್ತರ ಆಸುಪಾಸು. ಮೊದಲ ದಿನ ನಾನು ಗಾಬರಿಯಲ್ಲಿ, ಇವಳು ಖುಷಿಗೆ ಸೀನುತ್ತಾಳೆ, ಶೀತ ಅಂದುಕೊಳ್ಳಬೇಡಿ, ಸರ್ಟಿಫಿಕೇಟ್ ಇದೆ ಅಂತ ಒಂದೇ ಉಸಿರಿಗೆ ಹೇಳಿದೆ. ಅವರು ಸರ್ಟಿಫಿಕೇಟ್ ಕೈಗೂ ತೆಗೆದುಕೊಳ್ಳಲಿಲ್ಲ. ಮೊಣಕಾಲೂರಿ ಕೂತು, ಕಣ್ಣ ರೆಪ್ಪೆ ಕೆಳಗೆ ಎಳೆದು ನೋಡಿ, ಮೂಗಿನ ತುದಿ ಬೆರಳಲ್ಲಿ ಮುಟ್ಟಿ, ಅಂಗಳಕ್ಕೆ ಬಿಟ್ಟರು. "ಆಟದ್ದಾ ರೋಗದ್ದಾ ಅಂತ ಕಿವಿಗೆ ಗೊತ್ತಾಗುತ್ತೆ ಬಿಡಿ ಮೇಡಂ."

ಅವರ ಕಿವಿಯ ಪರೀಕ್ಷೆ ನಾನೇ ನೋಡಿದೆ. ಅಲ್ಲಿಗೆ ಒಂದು ಪಗ್ ಬರುತ್ತದೆ. ಒಂದು ಸಂಜೆ ನಾನು ಹೋದಾಗ ಅದು ಕಾಲು ಅಗಲಿಸಿ ನಿಂತು, ಕುತ್ತಿಗೆ ಮುಂದಕ್ಕೆ ಚಾಚಿ, ಗೊರ್ರ್ ಗೊರ್ರ್ ಅಂತ ಗಾಳಿ ಒಳಗೆ ಎಳೆಯುತ್ತಿತ್ತು. ಉಸಿರೇ ಸಿಕ್ಕಿಕೊಂಡಿದೆ ಅನ್ನುವ ಹಾಗೆ. ಅದರ ಯಜಮಾನರು ಅಲ್ಲೇ ಇದ್ದರು, ಪಾಪ, ಕೈಕಾಲು ಬಿಟ್ಟಿದ್ದರು, ಆಂಬುಲೆನ್ಸ್ ಅನ್ನುತ್ತಿದ್ದರು. ಅಣ್ಣ ಓಡಲಿಲ್ಲ. ಕೂತು ಅದರ ಗಂಟಲು ಮೆಲ್ಲಗೆ ಸವರಿದರು, ಒಂದೆರಡು ಕ್ಷಣ ಹೊಳ್ಳೆ ಮುಚ್ಚಿದ ಹಾಗೆ ಬೆರಳಿಟ್ಟರು, ನಾಯಿ ಉಗುಳು ನುಂಗಿತು, ನಿಂತಿತು. ಅರ್ಧ ನಿಮಿಷವೂ ಆಗಿರಲಿಲ್ಲ. ಇದಕ್ಕೆ ತಿರುಗುಸೀನು ಅನ್ನಬಹುದೇನೋ, ಗಾಳಿ ಹೊರಗೆ ಹೋಗುವ ಬದಲು ಒಳಗೆ ಹೋಗುವುದು. ಪಗ್‌ನಂಥ ಗಿಡ್ಡ ಮೂತಿಯ ನಾಯಿಗಳಲ್ಲಿ, ಪುಟ್ಟ ತಳಿಗಳಲ್ಲಿ ಜಾಸ್ತಿ, ಇವಕ್ಕೂ ಖುಷಿ ಹೆಚ್ಚಾದರೆ ಶುರುವಾಗುತ್ತದೆ. ನೋಡಲು ಭಯಂಕರ, ಆಗೊಮ್ಮೆ ಈಗೊಮ್ಮೆ ಬಂದು ಹೋದರೆ ಅಪಾಯವಿಲ್ಲ. ಪದೇ ಪದೇ ಬಂದರೆ, ನಾಲಿಗೆ ನೀಲಿಯಾದರೆ ಡಾಕ್ಟರೇ ಬೇಕು. ಆ ದಿನ ಇನ್ನೊಂದು ಮೂಲೆಯಲ್ಲಿ ಒಂದು ಮುಧೋಳ ನಾಯಿ ತನ್ನ ಗೇಣುದ್ದದ ಮೂತಿ ಕಾಲ ಮೇಲಿಟ್ಟು ಈ ಗಲಾಟೆಯನ್ನೆಲ್ಲ ನೋಡುತ್ತಾ ಮಲಗಿತ್ತು. ಮೂತಿ ಉದ್ದ ಇರುವವರಿಗೆ ಬಡವರ ಕಷ್ಟ ಎಲ್ಲಿ ಗೊತ್ತಾಗಬೇಕು.

ಇಷ್ಟೆಲ್ಲ ಎಲ್ಲಿ ಕಲಿತಿರಿ ಅಂದರೆ ಅಣ್ಣ ಊರಿನ ಜಿಗಣೆ ಕಥೆ ಹೇಳಿದರು. ಮಲೆನಾಡಲ್ಲಿ ನಾಯಿಗಳು ಹಳ್ಳದ ನೀರು ಕುಡಿಯುವಾಗ ಸಣ್ಣ ಜಿಗಣೆ ಮೂಗಿಗೆ ಹೋಗಿ ಕಚ್ಚಿಕೊಳ್ಳುತ್ತದೆ. ಆಮೇಲೆ ಸೀನು, ಒಂದೇ ಹೊಳ್ಳೆಯಿಂದ ರಕ್ತ. ಅವರ ಮನೆಯಲ್ಲಿ ನಾಯಿಯ ಮೂತಿ ಮುಂದೆ ಬೋಗುಣಿಯಲ್ಲಿ ತಣ್ಣೀರು ಇಟ್ಟು ಕಾಯುತ್ತಿದ್ದರಂತೆ. ನೀರಿನ ಆಸೆಗೆ ಜಿಗಣೆ ಮೆಲ್ಲಗೆ ತಲೆ ಹೊರಗೆ ಹಾಕಿದಾಗ ಬಟ್ಟೆಯಲ್ಲಿ ಹಿಡಿದು ಎಳೆಯುವುದು. ಚಿಕ್ಕಂದಿನಿಂದ ಕೇಳಿದ ಸೀನು ಅದು, ಮರೆತು ಹೋಗುವುದಿಲ್ಲ ಅಂದರು.

ಈಗ ಬಾಕಿ ಇರುವ ಜಗಳದ ವಿಷಯ. ಅಕ್ಟೋಬರ್‌ನಲ್ಲಿ ಮಳೆ ನಿಂತ ಮೇಲೆ ಬೇಲಿ ಪಕ್ಕ ಹುಲ್ಲು ಮೊಣಕಾಲುದ್ದ ಬೆಳೆದಿತ್ತು, ಒಣಗಿ ಮುಳ್ಳಿನಂಥ ಬೀಜ ಬಿಟ್ಟಿತ್ತು. ಪ್ಯಾಂಟಿಗೆ ಚುಚ್ಚಿಕೊಂಡು ಮುಂದಕ್ಕೆ ಮುಂದಕ್ಕೆ ಹೋಗುತ್ತದಲ್ಲ, ಆ ಥರದ್ದು. ಕತ್ತರಿಸಿ ಅಂತ ನಾನು ಎರಡು ಸಲ ಮಾಲೀಕರಿಗೆ ಹೇಳಿದ್ದೆ. ಆಳು ಸಿಗುತ್ತಿಲ್ಲ ಅಂದರು. ಒಂದು ಶುಕ್ರವಾರ ಅಣ್ಣ ಫೋನ್ ಮಾಡಿದರು. "ಮೇಡಂ, ಇವತ್ತಿನ ಸೀನು ಸರಿ ಇಲ್ಲ. ಬೇಗ ಬನ್ನಿ." ಹೋಗುವಷ್ಟರಲ್ಲಿ ಚಕ್ಕುಲಿ ಬಿಡದೆ ಸೀನುತ್ತಿದ್ದಳು, ಆಟ ಇಲ್ಲ, ಬಾಲ ಬಿಚ್ಚಿ ಕೆಳಗೆ ಬಿದ್ದಿತ್ತು, ಮುಂಗಾಲಿನಿಂದ ಮೂಗಿನ ಎಡಗಡೆ ಕೆರೆದುಕೊಳ್ಳುತ್ತಿದ್ದಳು. ಎಡ ಹೊಳ್ಳೆಯಲ್ಲಿ ಒಂದು ಹನಿ ರಕ್ತ. ಆಗ ನನಗೂ ಕೇಳಿಸಿತು. ಎದೆಯ ಆಳದಿಂದ ಬರುವ, ಮೈಯೆಲ್ಲ ಕುಲುಕುವ ಸೀನು, ನಮ್ಮ ಮನೆಯ ಫ್ಸ್ ಫ್ಸ್ ಅಲ್ಲ.

ಕ್ಲಿನಿಕ್ಕಿನಲ್ಲಿ ಮತ್ತು ಬರಿಸಿ, ಸಣ್ಣ ಕ್ಯಾಮೆರಾ ತೂರಿಸಿ ಹುಡುಕಿ, ಮೂಗಿಗೆ ಹೋಗಿದ್ದ ಹುಲ್ಲಿನ ಬೀಜವನ್ನು ಚಿಮಟದಲ್ಲಿ ತೆಗೆದರು. ಒಂದೂವರೆ ಸೆಂಟಿಮೀಟರ್ ಇರಬಹುದು, ಅಷ್ಟೇ. ಅದನ್ನು ಚಿಕ್ಕ ಡಬ್ಬಿಯಲ್ಲಿ ಹಾಕಿ ಕೊಟ್ಟರು, ಈಗಲೂ ಫ್ರಿಜ್ ಮೇಲಿದೆ. ಬಿಲ್ಲು 8,500 ರೂಪಾಯಿ. ಅದೇ ದಿನ ಹೋದದ್ದು ಒಳ್ಳೆಯದಾಯಿತು, ಬಿಟ್ಟಿದ್ದರೆ ಒಳಗೇ ಕೀವಾಗುತ್ತಿತ್ತು ಅಂದರು. ಮನೆಯಲ್ಲೇ ಚಿಮಟ ಹಾಕಿ ಕೆದಕಲು ಹೋಗಬೇಡಿ, ಇನ್ನೂ ಒಳಗೆ ಹೋಗುತ್ತೆ ಅಂತಲೂ ಹೇಳಿದರು. ಒಂದೇ ಕಡೆಯಿಂದ ರಕ್ತ ಅಥವಾ ಕೀವು, ಇದ್ದಕ್ಕಿದ್ದಂತೆ ಶುರುವಾಗಿ ನಿಲ್ಲದ ಸೀನು, ಊಟ ಬಿಡುವುದು, ಮೂಗಿನ ಮೇಲೆ ಊತ, ಇದರಲ್ಲಿ ಯಾವುದಿದ್ದರೂ ಕಾಯಬಾರದಂತೆ. ವಯಸ್ಸಾದ ನಾಯಿಗಾದರೆ ಮೂಗಿನ ಗಡ್ಡೆಯೂ ಇರಬಹುದು, ಶಿಲೀಂಧ್ರದ ಸೋಂಕೂ ಇರಬಹುದು.

ಮಾಲೀಕರು ಮರುದಿನವೇ ಹುಲ್ಲು ಕತ್ತರಿಸಿದರು. ಆಳು ಸಿಕ್ಕಿದ ನೋಡಿ. ಬಿಲ್ಲಿನಲ್ಲಿ ಅರ್ಧ ಕೊಡಿ ಅಂದರೆ, ಸೇರಿಸುವಾಗ ನೀವು ಸಹಿ ಹಾಕಿದ ಕಾಗದದಲ್ಲಿ ಅಂಥದ್ದಕ್ಕೆ ನಾವು ಜವಾಬ್ದಾರರಲ್ಲ ಅಂತ ಇದೆ ಅಂದರು. ಇದೆ, ನಾನು ಓದಿರಲಿಲ್ಲ. ನೀವು ಓದಿ. ಸದ್ಯಕ್ಕೆ ನಾಲ್ಕು ದಿನ ಫ್ರೀ ಕೊಡುತ್ತೇವೆ ಅಂತ ಬಂದಿದ್ದಾರೆ, ಎಂಟು ಕೊಡಿ ಅಂತ ನಾನು ಹಿಡಿದಿದ್ದೇನೆ. ನನ್ನ ಗಂಡ ಸುಮ್ನೆ ಆರಕ್ಕೆ ಒಪ್ಪಿಕೋ ಅನ್ನುತ್ತಾರೆ.

ಸ್ಟಾರ್ ವಿಷಯಕ್ಕೆ ಬಂದರೆ ಜಾಗಕ್ಕೆ ಮೂರು, ಅಣ್ಣನಿಗೆ ಐದು, ಒಟ್ಟು ನಾಲ್ಕು ಅಂತ ಬರೆಯಬೇಕು ಅಂತಿದ್ದೆ. ಅಷ್ಟರಲ್ಲಿ ನಿನ್ನೆ ಬಿಡಲು ಹೋದಾಗ ಅವರು, ಮುಂದಿನ ವಾರದಿಂದ ನಾನಿರಲ್ಲ ಮೇಡಂ, ಊರಲ್ಲಿ ಅಡಿಕೆ ಕೊಯ್ಲು, ಎರಡು ತಿಂಗಳಾಗುತ್ತೆ ಅಂದರು. ಅವರ ಜಾಗಕ್ಕೆ ಬಂದಿರುವ ಹುಡುಗ ಒಳ್ಳೆಯವನ ಹಾಗೆ ಕಾಣುತ್ತಾನೆ, ನಾಯಿಗಳಿಗೆ ಹೆದರುವುದಿಲ್ಲ. ಆದರೆ ಚಕ್ಕುಲಿ ಗೇಟಿನಲ್ಲಿ ಎರಡು ಸಲ ಸೀನಿದ್ದಕ್ಕೆ, "ಅಕ್ಕ, ಶೀತಾನಾ?" ಅಂದ. ಅಣ್ಣ ಅವನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಏನೋ ಹೇಳುತ್ತಿದ್ದರು. ಅಡಿಕೆ ಕೊಯ್ಲು ಮುಗಿಯುವವರೆಗೆ ಮೂರೇ ಸ್ಟಾರ್ ಇರಲಿ, ಆಮೇಲೆ ತಿದ್ದುತ್ತೇನೆ.